ನೆಲದ ಋಣ

ಉತ್ತರ ಕರ್ನಾಟಕದವರಿಗೆ ಕೊಯ್ನಾ ಎಂದರೆ ಮಳೆಗಾಲದ ಒಂದು ಸುದ್ದಿ. ಕೊಯ್ನಾದಿಂದ ಇಷ್ಟು ಸಾವಿರ ಕ್ಯುಸೆಕ್ ನೀರು ಬಿಟ್ಟರು, ಚಿಕ್ಕೋಡಿ ಕಡೆಯ ಸೇತುವೆಗಳು ಮುಳುಗಿದವು, ಇಷ್ಟೇ. ಆಗಸ್ಟಿನಲ್ಲಿ ಊರಿಂದ ಫೋನು ಬಂದರೆ ಈ ಹೆಸರು ಒಮ್ಮೆಯಾದರೂ ಬರುತ್ತದೆ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸು ಕರಾಡದ ಹತ್ತಿರ ಆ ನದಿಯನ್ನು ದಾಟುತ್ತದೆ. ಆ ಹೊತ್ತಿಗೆ ನಾವೆಲ್ಲ ಪರದೆ ಎಳೆದುಕೊಂಡು ಮಲಗಿರುತ್ತೇವೆ. ನಾನಂತೂ ಹನ್ನೊಂದು ವರ್ಷ ಹಾಗೆ ಮಲಗಿಕೊಂಡೇ ದಾಟಿದೆ.

ಹೋದ ವರ್ಷ ಮಳೆ ನಿಂತ ಮೇಲೆ ಒಮ್ಮೆ ಕರಾಡದಲ್ಲಿ ಬಲಕ್ಕೆ ತಿರುಗಿ ಪಾಟಣ ದಾಟಿ ಕೊಯ್ನಾನಗರಕ್ಕೆ ಹೋದೆ. ಅಣೆಕಟ್ಟು ನೋಡುವುದಷ್ಟೇ ಉದ್ದೇಶ. ದಾರಿಯ ಚಹಾದಂಗಡಿಯಲ್ಲಿ, ಇಲ್ಲಿ ಆಗಾಗ ಭೂಮಿ ನಡುಗುತ್ತದಂತೆ ಹೌದೇ ಎಂದು ಕೇಳಿದೆ. ಅಂಗಡಿಯ ಹೆಂಗಸು ಲೋಟ ತೊಳೆಯುತ್ತಲೇ ‘ಹೇ ನೇಹಮೀಚಂಚ ಆಹೇ’ ಎಂದಳು. ಇದು ಯಾವಾಗಲೂ ಇದ್ದದ್ದೇ ಎಂದು. ಪಾತ್ರೆಗಳು ಸದ್ದು ಮಾಡುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಇನ್ನೊಂದು ಮಾತು ಸೇರಿಸಿದಳು: ‘ನಮ್ಮ ಅತ್ತೆ ಮಾತ್ರ ಇವತ್ತಿಗೂ ಬಾಗಿಲಿಗೆ ಅಗಳಿ ಹಾಕಿ ಮಲಗುವುದಿಲ್ಲ.’

ಆ ಅತ್ತೆ 1967ರಲ್ಲಿ ಚಿಕ್ಕ ಹುಡುಗಿಯಾಗಿದ್ದವರು. ಆ ವರ್ಷ ಡಿಸೆಂಬರ್ 11ರ ನಸುಕಿನ 4 ಗಂಟೆ 21 ನಿಮಿಷಕ್ಕೆ ಕೊಯ್ನಾದಲ್ಲಿ 6.3 ತೀವ್ರತೆಯ ಭೂಕಂಪವಾಯಿತು. ಕೊಯ್ನಾನಗರದ ಬಹುಪಾಲು ಮನೆಗಳು ಬಿದ್ದವು. ಸತ್ತವರು ಸುಮಾರು 180 ಮಂದಿ. ಅಣೆಕಟ್ಟಿನಲ್ಲಿ ಬಿರುಕು ಮೂಡಿತು, ಆದರೆ ಅದು ನಿಂತಿತು. ನಿಲ್ಲದೇ ಹೋಗಿದ್ದರೆ ಕೃಷ್ಣೆಯ ದಂಡೆಯ ನಮ್ಮ ಊರುಗಳ ಕಥೆಯೂ ಬೇರೆಯಾಗುತ್ತಿತ್ತು.

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ತಲೆಯಲ್ಲಿತ್ತು. ಆ 180 ಸಾವಿಗೆ ಹೊಣೆ ಯಾರು?

ಭೂಮಿ ಎಂದರೆ ಸುಲಭ. ಭೂಮಿಯ ಕಡೆಯ ಲೆಕ್ಕವೂ ಚಿಕ್ಕದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಸೀಮೆಯಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದರ ಮೇಲೊಂದು ಪದರವಾಗಿ ಹೆಪ್ಪುಗಟ್ಟಿದ ಆ ಕಪ್ಪು ಬಸಾಲ್ಟ್ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಸಹ್ಯಾದ್ರಿಯ ಈ ಭಾಗದ ಬೆಟ್ಟಗಳು ಮೆಟ್ಟಿಲು ಕೊರೆದಂತೆ ಕಾಣುವುದು ಅದಕ್ಕೇ. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲಿಗಿರುವ ಸ್ವೀಡಿಷ್ ಪದದಿಂದ ಬಂದದ್ದು. ಕೊಯ್ನಾದಲ್ಲಿ ಕೊಳವೆ ಕೊರೆದು ನೋಡಿದಾಗ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ಬಸಾಲ್ಟ್ ಮುಗಿದು 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಜಾತಿಯ ಶಿಲೆ ಸಿಕ್ಕಿತು. ಅದು ನಮ್ಮ ಧಾರವಾಡದ ಹೆಸರನ್ನೇ ಹೊತ್ತಿರುವ, ಕರ್ನಾಟಕದ ಬಹುಭಾಗಕ್ಕೆ ತಳಪಾಯವಾಗಿರುವ ಪುರಾತನ ಶಿಲಾಖಂಡದ್ದೇ ಮುಂದುವರಿಕೆ. ಮೇಲೆ ಮಹಾರಾಷ್ಟ್ರ, ಕೆಳಗೆ ಧಾರವಾಡ. ಗಡಿ ಜಗಳ ಮಾಡುವವರಿಗೆ ಇದನ್ನು ಯಾರೂ ಹೇಳಿದಂತಿಲ್ಲ.

ಈ ಇಡೀ ಫಲಕ ಸುಮಾರು 5 ಕೋಟಿ ವರ್ಷಗಳಿಂದ ಏಷ್ಯಾಕ್ಕೆ ಒತ್ತಿಕೊಂಡು ನಿಂತಿದೆ. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಆ ಒತ್ತಡದಿಂದ ಉತ್ತರದಲ್ಲಿ ಹಿಮಾಲಯ ಎದ್ದಿತು. ಆದರೆ ಒತ್ತಡ ಹಿಮಾಲಯದಲ್ಲಷ್ಟೇ ಉಳಿಯುವುದಿಲ್ಲ. ಇತ್ತ ದಕ್ಷಿಣದ ಗಟ್ಟಿ ಕಲ್ಲಿನೊಳಗೂ, ಅಲ್ಲಿನ ಹಳೆಯ ಬಿರುಕುಗಳ ಸುತ್ತಲೂ ಅದು ಸದ್ದಿಲ್ಲದೆ ಕೂಡುತ್ತ ಹೋಗುತ್ತದೆ. ಎಂದೋ ಒಂದು ದಿನ ಬಿರುಕಿನ ಎರಡು ಬದಿ ಜಾರುತ್ತವೆ. ಮೇಲೆ ಇರುವ ನಮಗೆ ಅದೇ ಭೂಕಂಪ.

ಇಷ್ಟೇ ಆಗಿದ್ದರೆ ಹೊಣೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಕೊಯ್ನಾದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನೀರು ತುಂಬತೊಡಗಿದ್ದು 1960ರ ದಶಕದ ಆರಂಭದಲ್ಲಿ. ಅದಕ್ಕೆ ಮುಂಚೆ ಈ ಜಾಗವನ್ನು ಭೂಕಂಪದ ಪ್ರದೇಶವೆಂದು ಯಾರೂ ಎಣಿಸಿರಲಿಲ್ಲ. ನೀರು ತುಂಬಿದ ಸ್ವಲ್ಪ ಕಾಲಕ್ಕೇ ಸಣ್ಣ ನಡುಕಗಳು ಶುರುವಾದವು. ಆಮೇಲೆ 1967. ಆವತ್ತಿನಿಂದ ಇಂದಿನವರೆಗೆ 5 ತೀವ್ರತೆಯನ್ನು ಮುಟ್ಟಿದ ಕಂಪನಗಳೇ 20ಕ್ಕೂ ಹೆಚ್ಚು ಆಗಿವೆ. ಮಳೆಗಾಲದಲ್ಲಿ ನೀರು ಏರಿದ ಮೇಲೂ, ಮುಂದೆ ನೀರು ಇಳಿಯುವಾಗಲೂ ನಡುಕ ಹೆಚ್ಚುವುದನ್ನು ವಿಜ್ಞಾನಿಗಳು ದಶಕಗಳಿಂದ ಬರೆದಿಟ್ಟಿದ್ದಾರೆ. ಕಾರಣ ತುಸು ಸರಳವಾಗಿ ಹೇಳುವುದಾದರೆ ಹೀಗೆ: ನೀರಿನ ಭಾರ ಒಂದು ಕಡೆ, ಆ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು ಅಲ್ಲಿ ಹೆಚ್ಚಿಸುವ ಒತ್ತಡ ಇನ್ನೊಂದು ಕಡೆ. ಎರಡು ಬಂಡೆಗಳನ್ನು ಬಿಗಿಯಾಗಿ ಹಿಡಿದಿಟ್ಟ ಘರ್ಷಣೆ ಸಡಿಲವಾಗುತ್ತದೆ. ಜಾರಲು ಸಿದ್ಧವಾಗಿದ್ದದ್ದು ಜಾರುತ್ತದೆ. ಜಲಾಶಯದಿಂದ ಪ್ರಚೋದನೆಗೊಂಡ ಭೂಕಂಪಗಳ ಮಾತು ಬಂದರೆ ಜಗತ್ತಿನ ಪಠ್ಯಪುಸ್ತಕಗಳು ಮೊದಲು ಹೇಳುವ ಹೆಸರು ಕೊಯ್ನಾದ್ದೇ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಕಾಗೆಯದು ತಪ್ಪಲ್ಲ, ಕೊಂಬೆ ಹೇಗೂ ಮುರಿಯುವುದಿತ್ತು ಎಂದು ಅದರರ್ಥ. ಕೊಯ್ನಾದಲ್ಲಿ ಮಾತ್ರ ಕಾಗೆ ಕೂತದ್ದರಿಂದಲೇ ಕೊಂಬೆ ಮುರಿಯಿತು. ಹಾಗೆಂದು ಕೊಂಬೆಯನ್ನು ಕೋಟಿ ವರ್ಷ ಬಗ್ಗಿಸಿ ಇಟ್ಟದ್ದು ಕಾಗೆಯಲ್ಲ. ಕೂಡಿಟ್ಟ ಶಕ್ತಿಯೆಲ್ಲ ಭೂಮಿಯದು, ನೀರು ಕೊಟ್ಟದ್ದು ಕೊನೆಯ ಸಣ್ಣ ತಳ್ಳು. ಇಲ್ಲಿ ಒಬ್ಬ ಬುದ್ಧಿವಂತ ವಕೀಲ ಎದ್ದು ನಿಂತು, ಅಣೆಕಟ್ಟು ಇಲ್ಲದಿದ್ದರೂ ಎಂದಾದರೂ ಇದು ಆಗಿಯೇ ಆಗುತ್ತಿತ್ತು ಎಂದು ವಾದಿಸಬಹುದು. ಇರಬಹುದು. ಹಣ್ಣಾದ ಹಲಸು ಇಂದಲ್ಲ ನಾಳೆ ಬೀಳುತ್ತದೆ. ಆದರೆ ಮರದ ಕೆಳಗೆ ಮಗು ಮಲಗಿರುವಾಗ ಕೊಂಬೆ ಅಲುಗಿಸಿದವನು, ಹಣ್ಣು ಬೀಳುವುದೇ ಇತ್ತಲ್ಲ ಎಂದರೆ ನಾವು ಕೇಳುತ್ತೇವೆಯೇ? ‘ಎಂದಾದರೂ’ ಎನ್ನುವುದು ಕಲ್ಲಿನ ಕಾಲ. ಸಾವಿರ ವರ್ಷ ಆಚೀಚೆಯಾದರೂ ಕಲ್ಲಿಗೆ ಒಂದೇ. ಒಂದು ಮನೆಯವರಿಗೆ ಅದು ಒಂದೇ ಅಲ್ಲ.

ಭೂಕಂಪ ಮತ್ತು ಹೊಣೆಯ ಬಗ್ಗೆ ನಮ್ಮ ದೇಶದಲ್ಲಿ ನಡೆದ ದೊಡ್ಡ ಚರ್ಚೆ ಇದಕ್ಕೂ ಹಳೆಯದು. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಆಗ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆ ಎಂಬ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯ ವಿರುದ್ಧ ಅವರಷ್ಟೇ ಗಟ್ಟಿಯಾಗಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕು, ಇಂಥ ತರ್ಕವನ್ನು ನಾಳೆ ಎದುರಾಳಿಗಳೂ ಬಳಸಿ ಗಾಂಧಿಯವರ ಚಳವಳಿಯಿಂದಲೇ ಭೂಮಿ ನಡುಗಿತು ಎನ್ನಬಹುದು ಎಂದರು. ಗಾಂಧೀಜಿ ಆ ಟೀಕೆಯನ್ನು ತಮ್ಮ ‘ಹರಿಜನ್’ ಪತ್ರಿಕೆಯಲ್ಲೇ ಅಚ್ಚುಮಾಡಿ, ತಮ್ಮ ನಂಬಿಕೆಗೆ ಅಂಟಿಕೊಂಡೇ ಉತ್ತರಿಸಿದರು.

ವಾದದಲ್ಲಿ ಗೆದ್ದವರು ಠಾಕೂರರು, ನನಗೆ ಅನುಮಾನವಿಲ್ಲ. ಗೋಡೆಯ ಕೆಳಗೆ ಸಿಕ್ಕಿ ಸತ್ತವನು ಪಾಪಿಯೋ ಪಾಪಕ್ಕೆ ಬಲಿಯಾದವನೋ ಎಂದು ಭೂಮಿ ವಿಚಾರಿಸುವುದಿಲ್ಲ. ಆದರೂ ಗಾಂಧೀಜಿಯ ಮಾತನ್ನು ಪೂರ್ತಿ ಬದಿಗಿಡಲು ಕೊಯ್ನಾ ನನ್ನನ್ನು ಬಿಡುತ್ತಿಲ್ಲ. ಮನುಷ್ಯರ ನಡತೆಗೂ ನೆಲದ ನಡುಕಕ್ಕೂ ಸಂಬಂಧವಿದೆ ಎಂದು ಅವರು ಹೇಳಿದಾಗ ಅದು ದೇವರ ಮೂಲಕ ಹಾದುಹೋಗುವ ಸಂಬಂಧವಾಗಿತ್ತು. 33 ವರ್ಷಗಳ ನಂತರ ಕೊಯ್ನಾದಲ್ಲಿ ದೇವರ ಹಂಗಿಲ್ಲದೆಯೇ ಆ ಸಂಬಂಧ ಎದುರಿಗೆ ಬಂದು ನಿಂತಿತು. ನಮ್ಮ ಕೆಲಸ, ಅದರಿಂದ ನೀರು, ನೀರಿನಿಂದ ಬಂಡೆ, ಬಂಡೆಯಿಂದ ಯಾರದೋ ಮನೆಯ ಗೋಡೆ. ಕಾರಣ ಭೌತಿಕವೇ ಎಂದ ಠಾಕೂರರೂ ಸರಿ. ನಮ್ಮ ಪಾಲೆಷ್ಟು ಎಂದು ಕೇಳದೆ ಕೈತೊಳೆದುಕೊಳ್ಳಬೇಡಿ ಎಂಬ ಗಾಂಧೀಜಿಯ ಒತ್ತಾಯವೂ ಸರಿ.

ತಪ್ಪಾದದ್ದು ಪಾಪ ಎಂಬ ಪದ. ಪಾಪಕ್ಕೆ ಪಾಪಿ ಬೇಕು. ಕೊಯ್ನಾ ಕಟ್ಟಿದ ಎಂಜಿನಿಯರು, ಕೂಲಿಯವರು, ಅದಕ್ಕೆ ಒಪ್ಪಿಗೆ ಕೊಟ್ಟ ಸರ್ಕಾರ ಯಾರನ್ನೂ ಹಾಗೆನ್ನಲು ನನಗೆ ಮನಸ್ಸಿಲ್ಲ. ಹೊಸ ದೇಶಕ್ಕೆ ಬೆಳಕು ಬೇಕಿತ್ತು. ಅಮೆರಿಕದ ಹೂವರ್ ಅಣೆಕಟ್ಟಿನ ಜಲಾಶಯದ ಸುತ್ತ 1930ರ ದಶಕದಲ್ಲೇ ನಡುಕ ಕಂಡಿದ್ದರೂ ಇಷ್ಟು ದೊಡ್ಡದಾಗಬಹುದೆಂದು 1960ರಲ್ಲಿ ಯಾರೂ ಬಲ್ಲವರಿರಲಿಲ್ಲ. ನಮ್ಮ ಕನ್ನಡದಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಪದವಿದೆ: ಋಣ. ಋಣಕ್ಕೆ ತಪ್ಪು ಮಾಡಿರಬೇಕಾಗಿಲ್ಲ, ಪಡೆದಿದ್ದರೆ ಸಾಕು. ತಿಳಿಯದೆ ಪಡೆದರೂ ಋಣವೇ. ತಿಳಿದ ಮೇಲೆ ಮಾತ್ರ ತೀರಿಸದೇ ಇರುವಂತಿಲ್ಲ.

ಹಾಗಾದರೆ ಪಡೆದವರು ಯಾರು? ಕೊಯ್ನಾದ ನೀರಿನ ದೊಡ್ಡ ಪಾಲು ಕೃಷ್ಣೆಯತ್ತ ಬಾರದೆ ಸುರಂಗಗಳಲ್ಲಿ ಸಹ್ಯಾದ್ರಿಯ ಪಶ್ಚಿಮಕ್ಕೆ ಧುಮುಕುತ್ತದೆ, ವಿದ್ಯುತ್ತಾಗಿ, ಕೊನೆಗೆ ವಾಶಿಷ್ಠಿ ನದಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಒಟ್ಟು ಸಾಮರ್ಥ್ಯ 1,960 ಮೆಗಾವಾಟ್. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಾಕುವ ಹೊತ್ತಿಗೆ ಮಹಾರಾಷ್ಟ್ರಕ್ಕೆ ಆಸರೆಯಾಗುವ ಕೇಂದ್ರಗಳಲ್ಲಿ ಇದೂ ಒಂದು. ಪುಣೆ, ಮುಂಬೈಗಳಲ್ಲಿ ಹೊಟ್ಟೆಪಾಡಿಗೆ ಬಂದು ನೆಲೆಸಿದ ನಾವು, ಬೇರೆಯವರ ಊರಿನಲ್ಲಿ ಇದ್ದೇವೆ, ಇಲ್ಲಿನ ಲೆಕ್ಕಾಚಾರ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತೇವೆ. ಆದರೆ ಸಂಜೆ ಏಳಕ್ಕೆ ನಾನು ಒತ್ತುವ ಸ್ವಿಚ್ಚಿಗೆ ನನ್ನ ಮಾತೃಭಾಷೆ ಯಾವುದೆಂದು ಗೊತ್ತಿಲ್ಲ. ಬೆಳಕು ಇತ್ತ ಬರುತ್ತದೆ, ನಡುಕ ಪಾಟಣ ತಾಲ್ಲೂಕಿನಲ್ಲೇ ಉಳಿಯುತ್ತದೆ.

ಋಣ ತೀರಿಸುವುದು ಎಂದರೇನು ಎಂಬುದಕ್ಕೆ ಕಿಲ್ಲಾರಿಯನ್ನು ನೋಡಬೇಕು. 1993ರ ಸೆಪ್ಟೆಂಬರ್ 30ರ ನಸುಕು, 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ತೀವ್ರತೆ 6.2, ಹೆಚ್ಚುಕಡಿಮೆ ಕೊಯ್ನಾದಷ್ಟೇ. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತಿರ ಹತ್ತಿರ 10,000. ಬೀದರ, ಕಲಬುರಗಿಯ ಹಿರಿಯರಿಗೆ ಆ ನಸುಕು ಇನ್ನೂ ನೆನಪಿದೆ. ಕೊಯ್ನಾ ವಿರಳ ಜನವಸತಿಯ ಮಲೆಸೀಮೆ, ಕಿಲ್ಲಾರಿಯ ಸುತ್ತ ಒತ್ತೊತ್ತಾಗಿ ಕಟ್ಟಿದ ಹಳ್ಳಿಗಳು, ಅದು ಒಂದು ಕಾರಣ. ಇನ್ನೊಂದು ಕಾರಣ ಮನೆಗಳು. ಮಣ್ಣಿನಲ್ಲಿ ಕೂರಿಸಿದ ದುಂಡು ಕಲ್ಲಿನ ದಪ್ಪ ಗೋಡೆ, ಮೇಲೆ ಮರದ ತೊಲೆಗಳ ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಕಳ್ಳರಿಗೆ ಅಡ್ಡಿ. ಕಲ್ಲು ಹೊಲದಲ್ಲೇ ಪುಕ್ಕಟೆ. 6.6 ಕೋಟಿ ವರ್ಷದ ಹಿಂದಿನ ಅದೇ ಲಾವಾ ಅವರಿಗೆ ಜೋಳ ಬೆಳೆಯುವ ಎರೆಮಣ್ಣನ್ನೂ ಕೊಟ್ಟಿತು, ಮನೆ ಕಟ್ಟುವ ಕಲ್ಲನ್ನೂ ಕೊಟ್ಟಿತು. ಅವರು ಮಾಡಿದ್ದರಲ್ಲಿ ತಪ್ಪೇನಿತ್ತು? ಆಗಿನ ಸರ್ಕಾರಿ ನಕ್ಷೆಯೇ ಆ ಜಾಗವನ್ನು ಭೂಕಂಪದ ಭಯ ಅತಿ ಕಡಿಮೆ ಇರುವ ಮೊದಲನೇ ವಲಯದಲ್ಲಿ ಇಟ್ಟಿತ್ತು. 2002ರಲ್ಲಿ ನಕ್ಷೆ ಬದಲಾಗಿ ಕಿಲ್ಲಾರಿ ಮೂರನೇ ವಲಯಕ್ಕೆ ಬಂತು. ಒಂಬತ್ತು ವರ್ಷ ತಡವಾಗಿ.

ಕೋಟಿ ವರ್ಷಗಳ ಕಥೆ ಕೇಳಿದಾಗ ಮನಸ್ಸಿಗೆ ಒಂದು ಬಗೆಯ ನಿರಾಳ ಬರುತ್ತದೆ. ಖಂಡಗಳೇ ತೇಲುತ್ತಿರುವಾಗ ನಮ್ಮದೇನು ಮಹಾ, ಎಲ್ಲ ಕ್ಷಣಿಕ ಎಂದು. ವೈರಾಗ್ಯಕ್ಕೆ ಇದು ಒಳ್ಳೆಯದಿರಬಹುದು. ಆದರೆ ಈ ನಿರಾಳವನ್ನು ನಾನು ಈಗ ನಂಬುವುದಿಲ್ಲ. ಬಂಡೆ ಜಾರಲು ಕೋಟಿ ವರ್ಷ ಕಾದಿರಬಹುದು, ಮಾಳಿಗೆ ಬೀಳಲು ಕೆಲವು ಸೆಕೆಂಡು ಸಾಕು. ಆ ಕೋಟಿ ವರ್ಷದ ಮೇಲೆ ನಮಗೆ ಯಾವ ಅಧಿಕಾರವೂ ಇಲ್ಲ. ಆ ಸೆಕೆಂಡುಗಳಲ್ಲಿ ಮಾಳಿಗೆ ಎಷ್ಟು ಭಾರವಾಗಿರಬೇಕು, ಗೋಡೆಗೆ ಕಟ್ಟು ಇರಬೇಕೋ ಬೇಡವೋ, ನಕ್ಷೆ ನಿಜ ಹೇಳಬೇಕೋ ಬೇಡವೋ ಎಂಬುದರ ಮೇಲೆ ಇದೆ. ಹೊಣೆ ಇರುವುದು ಇಷ್ಟು ಚಿಕ್ಕ ಜಾಗದಲ್ಲಿ, ಆದರೆ ಇರುವುದಂತೂ ನಿಜ.

ಕೆಲವರು ಋಣ ತೀರಿಸುತ್ತಿದ್ದಾರೆ. ಕೊಯ್ನಾ ಸೀಮೆಯಲ್ಲಿ ವಿಜ್ಞಾನಿಗಳು 2017ರಲ್ಲಿ 3 ಕಿಲೋಮೀಟರ್ ಆಳದ ರಂಧ್ರ ಕೊರೆದರು. ಭೂಕಂಪ ಹುಟ್ಟುವ ಜಾಗದ ಹತ್ತಿರಕ್ಕೇ ಹೋಗಿ ಅದನ್ನು ಅರಿಯುವ ಪ್ರಯತ್ನ ಅದು. ಅಣೆಕಟ್ಟಿಗೂ ಆಸರೆ ಕೊಟ್ಟು ಬಲಪಡಿಸಿದ್ದಾರೆ. ನನ್ನಂಥವರ ಪಾಲು ಇದಕ್ಕಿಂತ ಬಹಳ ಸಣ್ಣದು. ಪುಣೆ, ಮುಂಬೈ ಎರಡೂ ಆ 2002ರ ನಕ್ಷೆಯಲ್ಲಿ ಮೂರನೇ ವಲಯದವು. ಫ್ಲ್ಯಾಟ್ ಕೊಳ್ಳುವಾಗ ನಾನು ವಾಸ್ತು ಕೇಳಿದೆ, ಪಾರ್ಕಿಂಗ್ ಕೇಳಿದೆ, ನೀರಿನ ಟ್ಯಾಂಕರು ಎಷ್ಟು ಬರುತ್ತದೆಂದು ಕೇಳಿದೆ. ಕಾರು ನಿಲ್ಲಿಸಲೆಂದು ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಎತ್ತಿದ ಕಟ್ಟಡ ನಡುಕ ತಡೆಯುತ್ತದೆಯೇ ಎಂದು ಕೇಳಲಿಲ್ಲ. 2001ರ ಗುಜರಾತ್ ಭೂಕಂಪದಲ್ಲಿ ಕೇಂದ್ರಬಿಂದುವಿನಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲಿ ಇಂಥವೇ ಹೆಚ್ಚು. ಸೊಸೈಟಿಯ ಸಭೆಯಲ್ಲಿ ಕಟ್ಟಡದ ವಿನ್ಯಾಸದ ಪ್ರಮಾಣಪತ್ರ ತೋರಿಸಿ ಎಂದೆ. ಎಲ್ಲರೂ ನಕ್ಕರು, ಮುಂದಿನ ಸಭೆಗೆ ನೋಡೋಣ ಎಂದರು. ನಮ್ಮ ಮನೆಕೆಲಸಕ್ಕೆ ಬರುವವಳು ಪಾಟಣದ ಕಡೆಯವಳೆಂದು ಗೊತ್ತಾದದ್ದೂ ಆಮೇಲೆ. ಅವಳ ತವರಿನ ಮನೆಗೆ ಹೊಸ ಗೋಡೆ ಏಳುತ್ತಿದೆಯಂತೆ. ಮೂಲೆಗಳನ್ನು ಕಟ್ಟುವ ಪಟ್ಟಿ ಹಾಕಿದ್ದಾರಾ ಎಂದು ಕೇಳಿದೆ. ಮೊದಲ ಬಾರಿಗೆ ಅವಳು ಕೂತು ನನ್ನ ಹತ್ತಿರ ಚಹಾ ಕುಡಿದಳು.

ನಮ್ಮ ಅಜ್ಜಿ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ನೆಲ ಮುಟ್ಟಿ, ಕಾಲಿಡುತ್ತಿದ್ದೇನೆ ತಾಯಿ, ಕ್ಷಮಿಸು ಎನ್ನುತ್ತಿದ್ದಳು. ಭೂಮಿಗೆ ಕ್ಷಮಾ ಎಂಬ ಹೆಸರೂ ಇದೆಯಲ್ಲ. ಚಿಕ್ಕವನಿದ್ದಾಗ ನಗುತ್ತಿದ್ದೆ. ಈಗ ಒಂಬತ್ತನೇ ಮಹಡಿಯಲ್ಲಿ ಎದ್ದು ಕೂತಾಗ ಅದು ನೆನಪಾಗುತ್ತದೆ. ಭೂಮಿಗೆ ನನ್ನ ಕ್ಷಮಾಪಣೆ ಬೇಕಿಲ್ಲ, ಅದು ಕೇಳಿಸಿಕೊಳ್ಳುವುದೂ ಇಲ್ಲ. ಆದರೆ ದಿನದ ಮೊದಲ ಹೆಜ್ಜೆಗೆ ಮುಂಚೆ, ಇದು ಯಾರ ಮೇಲೆ ಭಾರವಾಗಿ ಬೀಳುತ್ತದೆ ಎಂದು ಒಂದು ಗಳಿಗೆ ಯೋಚಿಸುವುದನ್ನು ಅವಳು ಅಭ್ಯಾಸ ಮಾಡಿಕೊಂಡಿದ್ದಳು. ಕೊಯ್ನಾನಗರದ ಆ ಅತ್ತೆ ಅಗಳಿ ಹಾಕದೆ ಮಲಗುವುದೂ ಅಂಥದೇ ಒಂದು ಅಭ್ಯಾಸ. ಅವರು ನೆನಪಿಟ್ಟುಕೊಂಡಿದ್ದಾರೆ. ಅವರ ದೀಪದಲ್ಲಿ ಓದುತ್ತಿರುವ ನಾವು ಮರೆತಿದ್ದೇವೆ.