ಒಪ್ಪಿಕೊಂಡ ತಪ್ಪು

ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡದ ಮನೆಯ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಓದು ಮುಗಿದಿದೆ, ಅಲ್ಲಿನ ಸರ್ಕಾರದಲ್ಲಿ ಒಳ್ಳೆಯ ಕೆಲಸ ಸಿಗುವ ಹಾಗಿದೆ. ರಹಸ್ಯ ಕಡತಗಳನ್ನು ನೋಡುವ ಕೆಲಸವಾದ್ದರಿಂದ ಮೊದಲು ಭದ್ರತಾ ಅನುಮತಿ ಬೇಕು. ಅದಕ್ಕೆ ಎಸ್‌ಎಫ್‌-86 ಎಂಬ, ನೂರು ಪುಟ ದಾಟುವ ಅರ್ಜಿ. 23ನೇ ಭಾಗಕ್ಕೆ ಬಂದಾಗ ಹುಡುಗನ ಕೈ ನಿಲ್ಲುತ್ತದೆ: ಕಳೆದ 7 ವರ್ಷಗಳಲ್ಲಿ ಮಾದಕ ವಸ್ತು ಸೇವಿಸಿದ್ದೀರಾ? ಕಾಲೇಜಿನ ದಿನಗಳಲ್ಲಿ ಗೆಳೆಯರ ಜೊತೆ ನಾಲ್ಕಾರು ಸಲ ಗಾಂಜಾ ಸೇದಿದ್ದು ಅಪ್ಪ ಅಮ್ಮನಿಗೂ ಗೊತ್ತಿಲ್ಲ. ‘ಇಲ್ಲ’ ಎಂದು ಬರೆದರೆ ಯಾರಿಗೆ ತಿಳಿದೀತು?

ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿದ್ದರೂ ಈ ಅನುಮತಿಗೆ ನಡೆಯುವುದು ಕೇಂದ್ರದ ಕಾನೂನು. ಈಗಲೂ ಸೇವಿಸುತ್ತಿರುವವರಿಗೆ ಬಾಗಿಲು ಮುಚ್ಚಿದೆ. ಬಿಟ್ಟವರ ಮಾತು ಬೇರೆ. 2017ರಿಂದ ಜಾರಿಯಲ್ಲಿರುವ ಮಾರ್ಗಸೂಚಿ ಕೇಳುವುದಿಷ್ಟು: ಎಷ್ಟು ಕಾಲವಾಯಿತು, ಎಷ್ಟು ಸಲ, ಆ ಸಹವಾಸ ಬಿಟ್ಟಿದ್ದಾನೆಯೇ, ಇನ್ನು ಮುಟ್ಟುವುದಿಲ್ಲವೆಂದು ಸಹಿ ಹಾಕುತ್ತಾನೆಯೇ? ಹಿಂದೆ ಗಾಂಜಾ ಸೇದಿದ್ದನ್ನು ಗಮನಿಸಬೇಕು, ಆದರೆ ಅದೊಂದರಿಂದಲೇ ತೀರ್ಮಾನಿಸಬಾರದೆಂದು 2021ರಲ್ಲಿ ಮತ್ತೆ ಸ್ಪಷ್ಟಪಡಿಸಲಾಯಿತು. ತಿಳಿದೂ ಸುಳ್ಳು ಬರೆದರೆ ಮಾತ್ರ 5 ವರ್ಷದವರೆಗೆ ಸೆರೆವಾಸವಾಗಬಹುದು.

ತಪ್ಪಿಗಿಂತ ಸುಳ್ಳಿಗೆ ಇಷ್ಟು ಭಾರವೇಕೆ? ದೇಶದ ಗುಟ್ಟು ಕಾಯುವವನೇ ತನ್ನದೊಂದು ಗುಟ್ಟಿಗೆ ಹೆದರುತ್ತಿದ್ದರೆ, ಅದನ್ನು ಬಲ್ಲವನ ಕೈಗೆ ಅವನ ಜುಟ್ಟು ಸಿಕ್ಕ ಹಾಗೆಯೇ. ತಾನಾಗಿ ಹೇಳಿಬಿಟ್ಟ ತಪ್ಪಿಗೆ ಆ ಬಲ ಉಳಿಯುವುದಿಲ್ಲ. ಇನ್ನೊಂದು ಮಾತು: ಸೇದಿದ್ದು ಅಂದಿನ ತಪ್ಪು, ಸುಳ್ಳು ಇಂದಿನದು. ಅಂದಿನದಕ್ಕೆ ವಯಸ್ಸು, ಸಹವಾಸ ಎಂದು ಕಾರಣ ಹೇಳಬಹುದು. ಇಂದಿನದಕ್ಕೆ ಏನು ಹೇಳುವುದು?

ನಿಜ ಹೇಳಿದವರಿಗೆಲ್ಲ ಅನುಮತಿ ಸಿಗುತ್ತದೆಂದಲ್ಲ. ಕೆಲಸ ಕೈತಪ್ಪಬಹುದು. ಆದರೆ ಕೆಲಸ ಇನ್ನೊಂದು ಹುಡುಕಿಕೊಳ್ಳಬಹುದು. ಯಾವತ್ತು ಬಯಲಾಗುತ್ತದೋ ಎಂಬ ಅಳುಕನ್ನು ಹೊತ್ತು ದಿನವೂ ಕಚೇರಿಗೆ ಹೋಗುವುದು ಬದುಕಲ್ಲ.

ನನ್ನನ್ನು ಕಾಡುವುದು ಬೇರೆಯೇ. ಆ ಹುಡುಗನ ಕೈ ಯಾಕೆ ನಿಂತಿತು? ಮುಚ್ಚಿಡುವುದನ್ನು ಕಲಿಸಿದವರು ನಾವೇ ಅಲ್ಲವೇ? ‘ನಾಲ್ಕು ಜನ ಏನಂದಾರು’ ಎಂಬ ಮಾತನ್ನು ಕಡಲಾಚೆಗೂ ಹೊತ್ತೊಯ್ದಿದ್ದೇವೆ. ತಪ್ಪೊಪ್ಪಿಕೊಂಡ ಮಗುವಿಗೆ ಏಟು ಬಿತ್ತು. ಬಚ್ಚಿಟ್ಟ ಮಗು ಒಳ್ಳೆಯ ಮಗುವೆನಿಸಿಕೊಂಡಿತು. ಆ ಪಾಠವನ್ನೇ ಅವನು ಅರ್ಜಿಯ ಮುಂದೆ ಒಪ್ಪಿಸಲು ಕೂತಿದ್ದಾನೆ.

ಮುಖವನ್ನೇ ನೋಡಿರದ ಅಧಿಕಾರಿಯೊಬ್ಬ, ಗುರುತಿಲ್ಲದ ಹುಡುಗನ ತಪ್ಪನ್ನು ಮುಂದಿಟ್ಟುಕೊಂಡು, ಎಷ್ಟು ಕಾಲವಾಯಿತು, ಎಷ್ಟು ಸಲ, ಈಗ ಬಿಟ್ಟಿದ್ದಾನೆಯೇ ಎಂದು ಕೇಳಿ ತೂಗಿ ನೋಡುತ್ತಾನೆ. ಹೆತ್ತವರಾದ ನಾವು ಬಾಯಿ ಮಾಡುವ ಮೊದಲು ಅಷ್ಟನ್ನಾದರೂ ಕೇಳಬಾರದೇ? ನಿಜ ಹೇಳುವ ಧೈರ್ಯ ಅರ್ಜಿಯ ಮುಂದೆ ಒಮ್ಮೆಗೇ ಬರುವುದಿಲ್ಲ. ಮೊದಲು ಅದು ಮನೆಯ ಊಟದ ಹೊತ್ತಿನಲ್ಲಿ, ಅಮ್ಮನ ಎದುರು ಬರಬೇಕು.