ಪರವಾನಗಿ, ಕಾಯಕ ಮತ್ತು ಅನ್ಯರ ಪ್ರಾಣದ ಹೊಣೆ

ಅನ್ಯರ ಪ್ರಾಣವನ್ನು ಕೈಯಲ್ಲಿ ಹಿಡಿದು ನಡೆಸುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಧರ್ಮಚಿಂತಕರು ರಾಜ, ವೈದ್ಯ, ಗುರು ಇವರನ್ನು ಮುಂದಿಟ್ಟುಕೊಂಡು ವಿಚಾರಿಸಿದ್ದುಂಟು. ಲಾರಿ, ಬಸ್ಸುಗಳ ಚಾಲಕನನ್ನು ಮುಂದಿಟ್ಟುಕೊಂಡು ವಿಚಾರಿಸಿದ್ದು ತೀರ ಕಡಿಮೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬದುಕಿನಲ್ಲಿ ಮಾತ್ರ ಈ ಚಾಲಕ ವೈದ್ಯನಿಗಿಂತಲೂ ಹೆಚ್ಚು ಸಲ ಎದುರಾಗುವವನು. ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೂ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಹೋಗುವ ಭಕ್ತರು ಅವನನ್ನು ನಂಬಿ ಬಸ್ಸು ಹತ್ತುತ್ತಾರೆ. ರಾಶಿಯಾದ ತೊಗರಿ ಕಲಬುರಗಿಯ ಮಾರುಕಟ್ಟೆಗೆ ಮುಟ್ಟುವುದೂ, ಹಂಗಾಮಿನಲ್ಲಿ ಕಬ್ಬು ಹವಳಗಾ, ಭೂಸನೂರುಗಳ ಕಾರ್ಖಾನೆಗಳಿಗೆ ಸಾಗುವುದೂ ಅವನಂಥವರ ಕೈಯಿಂದಲೇ. ಆದ್ದರಿಂದ ಅವನು ಪಡೆಯುವ ಪರವಾನಗಿ, ಆಡುಮಾತಿನ ‘ಹೆವಿ ಲೈಸೆನ್ಸ್’, ಧರ್ಮಜಿಜ್ಞಾಸೆಗೆ, ಅಂದರೆ ಹೇಗೆ ನಡೆದುಕೊಂಡರೆ ಸರಿ ಎಂಬ ವಿಚಾರಣೆಗೆ, ತಕ್ಕ ವಿಷಯವೇ ಆಗಿದೆ.

1988ರ ಮೋಟಾರು ವಾಹನ ಕಾಯ್ದೆ ಬಾಡಿಗೆಗೆ ಜನರನ್ನೋ ಸರಕನ್ನೋ ಒಯ್ಯುವ ವಾಹನವನ್ನು ‘ಸಾರಿಗೆ ವಾಹನ’ ಎಂದು ಬೇರ್ಪಡಿಸಿ, ಅದನ್ನು ನಡೆಸುವವನಿಗೆ ಸ್ವಂತ ಕಾರು ಓಡಿಸುವವನಿಗಿಲ್ಲದ ಕಟ್ಟುಪಾಡುಗಳನ್ನು ವಿಧಿಸಿದೆ. ಅವನಿಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಪರವಾನಗಿ ಪಡೆದು ಕನಿಷ್ಠ 1 ವರ್ಷ ಕಳೆದಿರಬೇಕು. ದೇಹ ಮತ್ತು ದೃಷ್ಟಿ ಸರಿಯಿವೆಯೆಂದು ವೈದ್ಯರು ಬರೆದುಕೊಡಬೇಕು. ಕಲಿಕಾ ಪರವಾನಗಿಯ ಮೇಲೆ ಅಭ್ಯಾಸ ಮಾಡಿ, ಮೋಟಾರು ವಾಹನ ನಿರೀಕ್ಷಕರ ಎದುರು ವಾಹನ ನಡೆಸಿ ತೋರಿಸಬೇಕು. 2019ರ ತಿದ್ದುಪಡಿಯ ಮೇರೆಗೆ 5 ವರ್ಷಕ್ಕೊಮ್ಮೆ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಿಂದಲೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿರುವುದರಿಂದ, ಈ ಕಟ್ಟುಪಾಡುಗಳ ಪೂರ್ಣ ಭಾರ ಬೀಳುವುದು ದೊಡ್ಡ ಲಾರಿ, ಬಸ್ಸುಗಳವರ ಮೇಲೆ. ಒಮ್ಮೆ ಬಂದ ಯೋಗ್ಯತೆ ಕಡೆತನಕ ಉಳಿಯುತ್ತದೆಂದು ಕಾಯ್ದೆ ನಂಬುವುದಿಲ್ಲ ಎಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ಶಾಸ್ತ್ರಗಳ ಪರಿಭಾಷೆಯಲ್ಲಿ ‘ಅಧಿಕಾರ’ವೆಂದರೆ ಒಂದು ವಿದ್ಯೆಗೋ ಕರ್ಮಕ್ಕೋ ಒಬ್ಬನಿಗಿರುವ ಅರ್ಹತೆ. ಅದನ್ನು ಹುಟ್ಟಿನಿಂದ ಅಳೆಯುವ ರೂಢಿಯನ್ನು 12ನೆಯ ಶತಮಾನದ ಶರಣರು ಕಲ್ಯಾಣದಲ್ಲಿ ನಿರಾಕರಿಸಿ, ಅದರ ಜಾಗದಲ್ಲಿ ಕಾಯಕವನ್ನು, ಎಂದರೆ ಸತ್ಯಶುದ್ಧವಾಗಿ ಮಾಡಿ ಫಲವನ್ನು ಸಮುದಾಯಕ್ಕೆ ಸಲ್ಲಿಸುವ ದುಡಿಮೆಯನ್ನು, ಇಟ್ಟರು. ಚಾಲಕನಿಗೆ ಅವರಲ್ಲಿ ಅತ್ಯಂತ ಹತ್ತಿರದವನು ಅಂಬಿಗರ ಚೌಡಯ್ಯ. ಹೊಳೆಯ ಈಚೆ ದಡದವರನ್ನು ಆಚೆ ದಡಕ್ಕೆ ಮುಟ್ಟಿಸುವುದು ಅವನ ಕಾಯಕವಾಗಿತ್ತು, ಮತ್ತು ದೋಣಿಯಲ್ಲಿ ಕೂತವರಿಗೆ ಅಂಬಿಗನ ಕುಲಕ್ಕಿಂತ ಅವನಿಗೆ ಹೊಳೆಯ ಸೆಳವು ತಿಳಿದಿದೆಯೇ ಎಂಬುದೇ ಮುಖ್ಯವಾಗಿತ್ತು. ಎಲ್ಲರಿಗೂ ತೆರೆದ ಕಾಯಕವೆಂದರೆ ಕಲಿಯದೆಯೇ ಕೈಹಾಕಬಹುದಾದ ಕಾಯಕವೆಂದು ಅರ್ಥೈಸುವವರು ಇಲ್ಲಿಯೇ ತಪ್ಪುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಇಷ್ಟಲಿಂಗ ನೀರಿಗೆ ಜಾರಿಬಿದ್ದರೂ ಅವನು ಕಾಯಕ ಬಿಡಲಿಲ್ಲವೆಂಬ ಕಥೆ ಹೇಳುವುದೂ ಇದನ್ನೇ: ಲಿಂಗಪೂಜೆಯೂ ಕಾಯಕದ ಲೋಪಕ್ಕೆ ನೆಪವಾಗಲಾರದಾದರೆ, ಹೊಟ್ಟೆಪಾಡು ಹೇಗೆ ನೆಪವಾದೀತು?

ಓದು ಬಾರದವನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಕಲ್ಯಾಣ ಕರ್ನಾಟಕದ ಎಷ್ಟೋ ಲಾರಿ ಚಾಲಕರು ಶಾಲೆ ಬಿಟ್ಟು ಕ್ಲೀನರ್ ಆಗಿ ಸೇರಿ, ‘ಉಸ್ತಾದ್’ ಎಂದು ಕರೆಯುವ ಹಿರಿಯ ಚಾಲಕನ ಪಕ್ಕದಲ್ಲಿ ಕೂತು ಕಲಿತವರು. ಕೇಂದ್ರದ 1989ರ ನಿಯಮಗಳು ಸಾರಿಗೆ ವಾಹನದ ಚಾಲಕ 8ನೆಯ ತರಗತಿ ಪಾಸಾಗಿರಬೇಕೆಂದು ವಿಧಿಸಿದ್ದವು. 2019ರಲ್ಲಿ ಆ ಷರತ್ತನ್ನು ತೆಗೆದುಹಾಕಲಾಯಿತು. ಅದೇ ವರ್ಷ ರಾಜಸ್ಥಾನ ಹೈಕೋರ್ಟ್, ಫಲಕ ಓದಲಾರದವನು ಪಾದಚಾರಿಗಳಿಗೆ ಅಪಾಯವೆಂದು ಇದಕ್ಕೆ ವಿರುದ್ಧವಾದ ನಿಲುವು ತಳೆದಿತ್ತು. ಅನುಭವಕ್ಕೆ ಮಂಟಪವನ್ನೇ ಕಟ್ಟಿದ ಪರಂಪರೆಯ ದೃಷ್ಟಿಯಿಂದ ನೋಡಿದರೆ ಷರತ್ತು ತೆಗೆದದ್ದು ನ್ಯಾಯವೇ, ಏಕೆಂದರೆ ಜೋಡಿ ಟಯರಿನ ಒಳಗಿನದನ್ನು ಕಬ್ಬಿಣದ ರಾಡಿನಿಂದ ಬಡಿದು, ಸದ್ದು ಮಂದವಾಗಿದ್ದರೆ ಗಾಳಿ ಇಳಿದಿದೆಯೆಂದು ಕತ್ತಲಲ್ಲೇ ಹೇಳಬಲ್ಲವನ ಜ್ಞಾನವನ್ನು ಯಾವ ಅಂಕಪಟ್ಟಿಯೂ ತೋರಿಸದು. ಆದರೆ ಅಂಕಪಟ್ಟಿಯನ್ನು ಬಿಟ್ಟುಕೊಟ್ಟ ಮೇಲೆ ಪರೀಕ್ಷೆಯೊಂದೇ ಉಳಿದ ಆಧಾರ. ಏಜೆಂಟರ ಮೂಲಕ ಆ ಪರೀಕ್ಷೆಯನ್ನೂ ದುಡ್ಡಿಗೆ ಕೊಂಡರೆ, ಓದು ಬಾರದಿದ್ದರೂ ಕಷ್ಟಪಟ್ಟು ಕಲಿತವನಿಗೇ ಮೊದಲ ಅನ್ಯಾಯವಾಗುತ್ತದೆ, ಅವನ ಕೈಯ ಕಾಗದಕ್ಕೂ ಕಲಿಯದವನ ಕೈಯ ಕಾಗದಕ್ಕೂ ಭೇದವೇ ಉಳಿಯುವುದಿಲ್ಲ.

ಈ ಸೀಮೆಯ ಇನ್ನೊಂದು ದೊಡ್ಡ ಪರಂಪರೆಯಾದ ಇಸ್ಲಾಂ, ಕಲಿಯದೆ ಕೈಹಾಕಬಾರದೆಂಬ ಮಾತನ್ನು ಇನ್ನಷ್ಟು ನಿಷ್ಠುರವಾಗಿ ಹೇಳುತ್ತದೆ. ವೈದ್ಯವಿದ್ಯೆ ಬಲ್ಲವನೆಂದು ಗೊತ್ತಿಲ್ಲದವನು ಚಿಕಿತ್ಸೆಗೆ ಕೈಹಾಕಿದರೆ ಆಗುವ ಹಾನಿಗೆ ಅವನೇ ಜಾಮೀನು, ಎಂದರೆ ಹೊಣೆಗಾರ, ಎಂಬುದು ಪ್ರವಾದಿಯವರದೆಂದು ಬಂದಿರುವ ಒಂದು ಹದೀಸಿನ ತಾತ್ಪರ್ಯ. ಇದರ ಪ್ರಕಾರ ಉದ್ದೇಶ ಒಳ್ಳೆಯದಿತ್ತೆಂಬ ಸಮಾಧಾನ ಸಾಲದು; ತಿಳಿಯದೆ ಕೈಹಾಕಿದ್ದೇ ತಪ್ಪು. ಅನ್ಯರು ನಂಬಿ ಒಪ್ಪಿಸಿದ್ದನ್ನು ಕೆಡದಂತೆ ಹಿಂತಿರುಗಿಸಬೇಕೆಂಬ ‘ಅಮಾನತ್’ ತತ್ತ್ವವನ್ನು ಇದಕ್ಕೆ ಸೇರಿಸಿ ನೋಡಿದರೆ, ಸೀಟಿನಲ್ಲಿ ಕೂತ ಪ್ರಯಾಣಿಕನೂ ಚಾಲಕನಿಗೆ ಒಪ್ಪಿಸಿದ ಅಮಾನತ್ತೇ ಆಗುತ್ತಾನೆ. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಬಡಿದು, ಬಾಗಲಕೋಟೆ ಕಡೆಯಿಂದ ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಐವರು ತೀರಿಕೊಂಡರು. ಅಂಥ ಸಾವುಗಳನ್ನು ಹಣೆಬರಹವೆಂದು ಮುಗಿಸಿಬಿಡುವುದು ದುಃಖಿಗಳಿಗೆ ಸಾಂತ್ವನವಾಗಬಹುದು. ಅದನ್ನೇ ರಸ್ತೆಯ ವ್ಯವಸ್ಥೆಗೆ ಉತ್ತರವಾಗಿಸುವುದನ್ನು ಯಾವ ಧರ್ಮವೂ ಒಪ್ಪದು.

ಹೊಣೆ ಚಾಲಕನಲ್ಲಿಯೇ ನಿಲ್ಲುವುದೂ ಇಲ್ಲ. ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದು ಆಸೆಯೆಂದು ಗುರುತಿಸಿ ಮರಳಿ ಸುರಿದು ಬರಲು ಕಳಿಸಿದಳೆಂಬ ಪ್ರಸಂಗ ಮಾಲೀಕರು ನೆನೆಯಬೇಕಾದದ್ದು, ಏಕೆಂದರೆ ಮಿತಿ ಮೀರಿದ ಲೋಡು, ಒಂದು ರಾತ್ರಿಯಲ್ಲಿ ಎರಡು ಟ್ರಿಪ್ಪು, ನಿದ್ದೆಗೆಟ್ಟ ಉಸ್ತಾದನ ಬದಲು ಸ್ಟಿಯರಿಂಗ್ ಹಿಡಿಯುವ ಕ್ಲೀನರ್, ಇವೆಲ್ಲ ಹುಟ್ಟುವುದು ಅದೇ ಆಸೆಯಿಂದ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿದ್ದು ಚಾಲಕನ ಮೇಲಿನ ಕರುಣೆಯಿಂದಷ್ಟೇ ಎಂದು ತಿಳಿಯುವುದು ಸರಿಯಲ್ಲ. ಅವನ ನಿದ್ದೆಯಲ್ಲಿ ಎದುರಿನಿಂದ ಬರುವವನ ಪ್ರಾಣವೂ ಅಡಗಿದೆ.

ಪರವಾನಗಿ ಇಲ್ಲದವನ ಕೈಗೆ ವಾಹನ ಕೊಡುವುದನ್ನು ಮೋಟಾರು ವಾಹನ ಕಾಯ್ದೆಯ 5ನೆಯ ಕಲಂ ನಿಷೇಧಿಸುತ್ತದೆ, ಮತ್ತು 2019ರ ನಂತರ ಹಾಗೆ ಕೊಟ್ಟ ಮಾಲೀಕನಿಗೂ ಓಡಿಸಿದವನಿಗೂ ದಂಡ ಒಂದೇ, 5,000 ರೂಪಾಯಿ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಹೆಸರನ್ನು ಲಾರಿಯ ಮುಂಗಾಜಿನ ಮೇಲೆ ಬರೆಸುವವರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಹೊಸ ಗಾಡಿಯನ್ನು ಗುಡಿಯ ಮುಂದೆ ನಿಲ್ಲಿಸಿ ಗಾಲಿಗೆ ನಿಂಬೆಹಣ್ಣು ಇಡುವವರೂ, ದರ್ಗಾದ ಮುಂದೆ ದುವಾ ಮಾಡಿಸುವವರೂ ಅವರೇ. ಆ ಹೊತ್ತಿನಲ್ಲಿ ಕಾಯಿ ಒಡೆಯುವ ಮೊದಲು ಪೂಜಾರಿಯೂ, ಸಕ್ಕರೆ ಹಂಚುವ ಮೊದಲು ಮುಜಾವರನೂ, ಗಾಡಿ ಓಡಿಸುವವನು ಯಾರು, ಅವನ ಲೈಸೆನ್ಸ್ ಎಲ್ಲಿ ಎಂದು ಮಾಲೀಕನನ್ನು ಕೇಳುವ ರೂಢಿಯನ್ನು ಆಳಂದ, ಅಫಜಲಪುರ, ಜೇವರ್ಗಿಗಳ ಮಠ, ಗುಡಿ, ದರ್ಗಾಗಳು ಆರಂಭಿಸಬೇಕು.