ಫೈಲ್ ಮ್ಯಾಲೆ ಹೋಗೇತಿ

ಖಾನಾಪುರ ತಾಲ್ಲೂಕಿನ ನಮ್ಮೂರ ಹಳ್ಳಕ್ಕೆ ಸೇತುವೆ ಕೇಳಿ ಅಪ್ಪ ಅಲೆದದ್ದಕ್ಕೆ ಲೆಕ್ಕ ಇಲ್ಲ. ಎಲ್ಲ ಕಡೆ ಒಂದೇ ಉತ್ತರ: ‘ಫೈಲ್ ಮ್ಯಾಲೆ ಹೋಗೇತಿ.’

ಮೇಲೆ ಅಂದ್ರೆ ಎಲ್ಲಿ? 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟಿಸಿದ್ದು ರಾಷ್ಟ್ರಪತಿ. ಅವರೂ ನಡೆಯೋದು ಮಂತ್ರಿಮಂಡಲದ ಸಲಹೆಯಂತೆ. ರಾಜ್ಯದಲ್ಲಿ ಆದೇಶ ರಾಜ್ಯಪಾಲರ ಹೆಸರಲ್ಲಿ, ಸಹಿ ಅಧಿಕಾರಿಯದು, ಸದನಕ್ಕೆ ಹೊಣೆ ಇಡೀ ಸಂಪುಟ. ಎಲ್ಲರ ಹೊಣೆ ಅಂದ್ರೆ ಯಾರದೂ ಅಲ್ಲ ಅಂತಾನಾ?

1956ರ ಅರಿಯಲೂರು ಅಪಘಾತದ ರೈಲನ್ನು ಲಾಲ್ ಬಹದ್ದೂರ್ ಶಾಸ್ತ್ರಿ ಓಡಿಸಿರಲಿಲ್ಲ. ಆದರೂ ರೈಲ್ವೆ ಮಂತ್ರಿಯಾಗಿ ರಾಜೀನಾಮೆ ಕೊಟ್ಟರು. ತಪ್ಪು ಬೇರೆ, ಹೊಣೆ ಬೇರೆ.

ಮೊನ್ನೆ ಸರ್ವರ್ ಬಿದ್ದಾಗ ನಾನೂ ‘ಅದು ಬೇರೆ ಟೀಮಿಂದು’ ಅಂದೆ. ಅಂದ ಮೇಲೆ ಅಪ್ಪನ ಮುಖ ನೆನಪಾಯ್ತು. ಅವನಿಗೆ ಬೇಕಿದ್ದದ್ದು ಯಾರದೋ ರಾಜೀನಾಮೆ ಅಲ್ಲ. ‘ಇದು ನನ್ನ ಕೆಲಸ, ನೋಡ್ತೀನಿ’ ಅನ್ನೋ ಒಬ್ಬ ಮನುಷ್ಯ.